ಕಡ್ಡಿ ಹಿಡಿದು ಹೂವು ಕಲಿತೆ

ಶಾಲೆಯಲ್ಲಿ ದಾಸವಾಳ ಸೀಳಿ, ಎಸಳು, ಕೇಸರ, ಶಲಾಕೆ, ಅಂಡಾಶಯ ಅಂತ ಹೆಸರು ಬರೆದು ಪೂರ್ತಿ ಅಂಕ ತಗೊಂಡವನು ನಾನು. ಆದರೂ 2004ರ ಜನವರಿಯಲ್ಲಿ ನಮ್ಮ ತೋಟದ ಮೊದಲ ವೆನಿಲಾ ಹೂವಿನ ಮುಂದೆ ನಿಂತಾಗ ಯಾವುದು ಏನು ಅಂತ ಒಂದೂ ತಿಳಿಯಲಿಲ್ಲ.

ಸಿರ್ಸಿ ಕಡೆಯ ಅಡಿಕೆ ತೋಟ ನಮ್ಮದು. ಎಲ್ಲರ ಹಾಗೆ ನಾನೂ 2001ರಲ್ಲಿ ಬಳ್ಳಿ ತುಂಡು ತಂದು ಗ್ಲಿರಿಸಿಡಿಯಾ ಗಿಡದ ಬುಡದಲ್ಲಿ ನೆಟ್ಟಿದ್ದೆ. ಮೂರನೇ ವರ್ಷಕ್ಕೆ ಗೊಂಚಲು ಬಂತು. ತಾನಾಗಿ ಕಾಯಿ ಕಟ್ಟುವುದಿಲ್ಲ, ಒಂದೊಂದು ಹೂವಿಗೂ ನಾವೇ ಕೈ ಹಾಕಬೇಕು ಅನ್ನುವುದು ಗೊತ್ತಿತ್ತು. ಕೈ ಎಲ್ಲಿಗೆ ಹಾಕಬೇಕು ಅನ್ನುವುದೇ ಗೊತ್ತಿರಲಿಲ್ಲ.

ಆಯಿಗೆ ಇದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ. ಮಳೆ ಹಿಡಿದು ಜೇನು ಹಾರದ ದಿನಗಳಲ್ಲಿ ಅವಳು ಸಿಹಿಗುಂಬಳದ ಗಂಡು ಹೂವು ಕಿತ್ತು, ಎಸಳು ಹರಿದು, ಹೆಣ್ಣು ಹೂವಿನ ನಡುವೆ ತಿಕ್ಕಿ ಬರುತ್ತಿದ್ದಳು. ಅಲ್ಲಿ ಗೊಂದಲವಿಲ್ಲ. ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣು ಹೂವಿನ ಹಿಂದೆ ಗೋಲಿಯಂಥ ಮರಿಗಾಯಿ ಮೊದಲೇ ಕಾಣುತ್ತದೆ. ನಾನೂ ಹಾಗೇ ಅಂದುಕೊಂಡು ಕಡ್ಡಿ ತೂರಿಸಿ ಸುಮ್ನೆ ತಿಕ್ಕಿದೆ. ಹದಿನೈದು ಇಪ್ಪತ್ತು ಹೂವು. ಮಾರನೇ ದಿನದಿಂದ ಒಂದೊಂದಾಗಿ ಎಲ್ಲವೂ ಉದುರಿದವು.

ಆಮೇಲೆ ಒಂದು ಹೂವು ಕಿತ್ತು ಜಗಲಿಯಲ್ಲಿ ಕುಳಿತು ಬ್ಲೇಡಿನಿಂದ ಸೀಳಿದೆ. ಅವತ್ತು ಕಲಿತಿದ್ದೇ ನಿಜವಾದ ಪಾಠ. ವೆನಿಲಾ ನಮ್ಮ ಕಾಡಿನ ಸೀತಾಳೆಯ, ಅಂದರೆ ಆರ್ಕಿಡ್‌ನ, ಕುಲದ್ದು. ಹೊರಗಿನ ಐದು ಎಸಳು ಹಸಿರು ಹಳದಿ, ಒಂದೇ ಥರ. ಆರನೆಯದು ಕೊಳವೆಯಂತೆ ಸುರುಳಿ ಸುತ್ತಿದ ತುಟಿ. ಅದರೊಳಗೆ ಒಂದು ಕಂಬ. ದಾಸವಾಳದ ಹಾಗೆ ಕೇಸರಗಳ ಗೊಂಚಲಿಲ್ಲ. ಗಂಡು ಭಾಗ, ಹೆಣ್ಣು ಭಾಗ ಎರಡೂ ಈ ಒಂದೇ ಕಂಬಕ್ಕೆ ಅಂಟಿಕೊಂಡಿವೆ. ತುದಿಯಲ್ಲಿ ಟೊಪ್ಪಿಯ ಕೆಳಗೆ ಪರಾಗ. ಅದೂ ಪುಡಿಯಲ್ಲ, ಮೇಣದಂಥ ಅಂಟು ಮುದ್ದೆ. ಅದರ ಸ್ವಲ್ಪ ಕೆಳಗೆ ಹೆಣ್ಣು ಭಾಗದ ತುದಿ, ಅಂಟಂಟು. ಎರಡರ ನಡುವೆ ನಾಲಿಗೆಯಂಥ ತೆಳು ತೆರೆ. ಇಷ್ಟು ಹತ್ತಿರ ಇದ್ದೂ ಸೇರದಿರುವುದಕ್ಕೆ ಆ ತೆರೆಯೇ ಕಾರಣ. ಮೂಲ ನೆಲವಾದ ಮೆಕ್ಸಿಕೊ ಕಡೆಯ ಕಾಡಿನಲ್ಲಿ ಈ ಕೆಲಸಕ್ಕೆ ಅಲ್ಲಿಯದೇ ಜೇನುಗಳಿವೆ. ನಮ್ಮ ತುಡುವೆ ಜೇನಿಗೆ ಈ ಹೂವಿನ ಬಾಗಿಲು ತೆರೆಯುವುದು ಗೊತ್ತಿಲ್ಲ. ಹೂವಿನ ತೊಟ್ಟು ಅಂತ ನಾನು ಹಿಡಿದುಕೊಳ್ಳುತ್ತಿದ್ದ ಉದ್ದ ಭಾಗ ಇದೆಯಲ್ಲ, ಅದು ತೊಟ್ಟೇ ಅಲ್ಲ. ಅದೇ ಅಂಡಾಶಯ, ನಾಳೆಯ ವೆನಿಲಾ ಕಾಯಿ!

ಈಗ ಮಾಡುವುದು ಹೀಗೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೊರಡುತ್ತೇನೆ. ಹೂವು ಅರಳುವುದು ನಸುಕಿಗೆ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಇವತ್ತಿನದು ಇವತ್ತೇ. ಎಡಗೈಯಲ್ಲಿ ಹೂವನ್ನು ಹಿಂದಿನಿಂದ ಮೆತ್ತಗೆ ಹಿಡಿದು, ತೆಂಗಿನ ಗರಿಯ ಕಡ್ಡಿಯಿಂದ ತುಟಿಯನ್ನು ಹರಿದು ಕೆಳಗೆ ಸರಿಸುತ್ತೇನೆ. ಕಡ್ಡಿಯ ತುದಿಯಿಂದ ತೆರೆಯನ್ನು ಮೇಲಕ್ಕೆ ಎತ್ತಿ, ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಕೆಳಗಿನ ಅಂಟಿಗೆ ಒತ್ತುತ್ತೇನೆ. ಬರೆಯುವುದಕ್ಕೆ ಹಿಡಿದಷ್ಟು ಹೊತ್ತು ಮಾಡುವುದಕ್ಕೆ ಬೇಡ. ಕಡ್ಡಿಯ ತುದಿ ಮಾತ್ರ ಚೂಪಿರಬಾರದು, ಚುಚ್ಚಿದರೆ ಹೂವು ಹೋಯಿತು. ಮೂರು ದಿನ ಕಳೆದರೂ ಬಾಡಿದ ಹೂವು ಉದುರದೆ ಅಂಟಿಕೊಂಡಿದ್ದರೆ ಕೆಲಸ ಆಯಿತು ಅಂತ ಲೆಕ್ಕ.

ಈ ಉಪಾಯ ಕಂಡುಹಿಡಿದವನು ಎಡ್ಮಂಡ್ ಎಂಬ ಗುಲಾಮ ಹುಡುಗ, ರಿಯೂನಿಯನ್ ದ್ವೀಪದಲ್ಲಿ, 1841ರಲ್ಲಿ. ಆಗ ಅವನಿಗೆ 12 ವರ್ಷ. ಅವನ ಯಜಮಾನ ಮೊದಲು ಕಲ್ಲಂಗಡಿ ಹೂವನ್ನು ಕೈಯಿಂದ ಕೂಡಿಸುವುದು ಹೇಳಿಕೊಟ್ಟಿದ್ದನಂತೆ. ಆಯಿಯ ಕುಂಬಳದ ವಿದ್ಯೆಯೇ, ಅಲ್ವಾ? ಎಡ್ಮಂಡ್ ಬಡವನಾಗಿಯೇ ತೀರಿಕೊಂಡ. ಜಗತ್ತಿನ ವೆನಿಲಾ ತೋಟಗಳಲ್ಲಿ ಇವತ್ತಿಗೂ ಅವನದೇ ಕೈಚಳಕ ನಡೆಯುತ್ತಿದೆ.

ಕೈ ಕುದುರಿದ ಮೇಲೆ ಆಸೆ ಹೆಚ್ಚಾಯಿತು. ಗೊಂಚಲಿನಲ್ಲಿ ದಿನಕ್ಕೆ ಒಂದೋ ಎರಡೋ ಹೂವು ಅರಳುತ್ತವೆ, ಒಟ್ಟು ಹದಿನೈದು ಇಪ್ಪತ್ತು. ನಾನು ಒಂದನ್ನೂ ಬಿಡಲಿಲ್ಲ. ಕಾಯಿ ಗಿಡ್ಡವಾದವು, ಬಳ್ಳಿ ಸೊರಗಿತು, ಮರುವರ್ಷ ಆ ಬಳ್ಳಿಗಳಲ್ಲಿ ಹೂವೇ ಕಡಿಮೆ. ಈಗ ಗೊಂಚಲಿಗೆ ಎಂಟು ಹತ್ತು ಸಾಕು. ಕೆಳಮುಖದ ಹೂವುಗಳನ್ನೇ ಆರಿಸುತ್ತೇನೆ, ಕಾಯಿ ನೇರವಾಗಿ ಇಳಿಯುತ್ತದೆ. ಉಳಿದ ಮೊಗ್ಗು ಚಿವುಟಿ ಬಿಡುವುದೇ.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಪರಾಗ ಒತ್ತಿದ ಕೂಡಲೇ ಬೀಜ ಕಟ್ಟುವುದಿಲ್ಲ. ಸೀತಾಳೆಯ ಕುಲದಲ್ಲಿ ಅಂಡಾಶಯದೊಳಗಿನ ಅಂಡಗಳು ಬಲಿಯುವುದೇ ಪರಾಗ ಬಂದ ಮೇಲೆ. ಪರಾಗದಿಂದ ಸಣ್ಣ ನಳಿಗೆಗಳು ಕಂಬದೊಳಗೆ ಇಳಿಯುತ್ತಾ ಹೋಗುತ್ತವೆ. ಹೊರಗೆ ಕಾಯಿ ಒಂದೂವರೆ ತಿಂಗಳಲ್ಲಿ ಗೇಣುದ್ದ ಆಗಿಬಿಡುತ್ತದೆ. ಬಲಿಯಲು ಮಾತ್ರ ಒಂಬತ್ತು ತಿಂಗಳು. ತುದಿ ಹಳದಿಗೆ ತಿರುಗಿದಾಗ ಕೊಯ್ಯಬೇಕು. ಹಸಿ ಕಾಯಿಗೆ ಪರಿಮಳ ಇರುವುದಿಲ್ಲ. ಬಿಸಿ ನೀರಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ದಿನಗಟ್ಟಲೆ ಒಣಗಿಸಿದ ಮೇಲೆಯೇ ಬರುವುದು.

ನಮ್ಮ ಮೊದಲ ಕೊಯ್ಲಿನ ಹೊತ್ತಿಗೆ ಬೆಲೆ ಬಿದ್ದಿತ್ತು. ಕಿಲೋಗೆ ಮೂರು ಸಾವಿರದ ಮಾತು ಹಿಂದಿನ ವರ್ಷಕ್ಕೇ ಮುಗಿದಿತ್ತು. ಅಕ್ಕಪಕ್ಕದವರು ಬಳ್ಳಿ ಕಿತ್ತರು. ನಮ್ಮಲ್ಲೂ ಬೇರು ಕೊಳೆತು ಒಂದು ಸಾಲು ಪೂರ್ತಿ ಹೋಯಿತು. ಎಲ್ಲವೂ ತುಂಡಿನಿಂದ ಬೆಳೆದ ಒಂದೇ ಬಳ್ಳಿ ತಾನೇ, ಒಂದಕ್ಕೆ ಬಂದ ರೋಗ ಎಲ್ಲಕ್ಕೂ. ಉಳಿದದ್ದು ಮೂವತ್ತು ಚಿಲ್ಲರೆ ಬಳ್ಳಿ.

ಒಂದು ಕಾಯೊಳಗೆ ಸಾವಿರಾರು ಬೀಜ, ಗಸಗಸೆಗಿಂತ ಸಣ್ಣವು. ಮೊಳೆಯಲು ಅವಕ್ಕೆ ಶಿಲೀಂಧ್ರದ ಆಸರೆ ಬೇಕು. ಇಷ್ಟು ವರ್ಷಗಳಿಂದ ಪ್ರತಿ ಜನವರಿ ಹೂವು ಕೂಡಿಸುತ್ತಾ ಬಂದಿದ್ದೇನೆ, ನಮ್ಮ ತೋಟದಲ್ಲಿ ವೆನಿಲಾ ಬೀಜದ ಒಂದು ಸಸಿಯನ್ನೂ ಕಂಡಿಲ್ಲ. ಎಲ್ಲಾ ಪಾಯಸಕ್ಕೇ ಹೋಗಿವೆ.