ಎಸೆದದ್ದನ್ನು ತರುವ ಮೊದಲು ಕೂತು ಕಾಯಲಿ: ಮನೆಯ ಲ್ಯಾಬ್ರಡಾರ್‌ಗೆ ಗನ್‌ಡಾಗ್ ಪಾಠ

ನಮ್ಮ ಮನೆಗಳಲ್ಲಿ ಸೋಫಾದ ಪಕ್ಕ ಮಲಗುವ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಒಂದು ನಿರ್ದಿಷ್ಟ ಕೆಲಸಕ್ಕಾಗಿಯೇ ತಳಿ ಮಾಡಲಾಗಿತ್ತು. ಗೋಲ್ಡನ್ ರಿಟ್ರೀವರ್‌ನ ಮೂಲ 1868ರಲ್ಲಿ ಸ್ಕಾಟ್ಲೆಂಡಿನ ಗಿಸಾಖನ್ ಎಸ್ಟೇಟಿನಲ್ಲಿ ಲಾರ್ಡ್ ಟ್ವೀಡ್‌ಮೌತ್ ಬೆಳೆಸಿದ ಮರಿಗಳಲ್ಲಿದೆ. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಜೊತೆ ನೀರಿನಲ್ಲಿ ಕೆಲಸ ಮಾಡುತ್ತಿದ್ದ ನಾಯಿಗಳಿಂದ ಬೆಳೆದುಬಂದ ಲ್ಯಾಬ್ರಡಾರ್‌ಗೆ ಬ್ರಿಟನ್ನಿನ ಕೆನಲ್ ಕ್ಲಬ್ 1903ರಲ್ಲಿ ಮಾನ್ಯತೆ ನೀಡಿತು. ಕೋವಿ ಹಿಡಿದವನ ಪಕ್ಕದಲ್ಲಿ ಸದ್ದಿಲ್ಲದೆ ಕೂರುವುದು, ಹಕ್ಕಿ ಬಿದ್ದ ಜಾಗವನ್ನು ನೆನಪಿಟ್ಟುಕೊಳ್ಳುವುದು, ಹೇಳಿದಾಗ ಮಾತ್ರ ಹೋಗಿ ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತರುವುದು, ಕೈಗೆ ಒಪ್ಪಿಸುವುದು: ಇಷ್ಟೂ ಬಂದ ನಾಯಿಯೇ ಗನ್‌ಡಾಗ್. ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದ ಬೇಟೆಯನ್ನು ತಾನೇ ಅಟ್ಟಿ ಹಿಡಿಯುವ ತಳಿ. ಗನ್‌ಡಾಗ್ ಪ್ರತಿ ಹೆಜ್ಜೆಗೂ ಒಡೆಯನ ಮುಖ ನೋಡಿ ಕೆಲಸ ಮಾಡುವ ತಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಬೇಟೆಯ ಮಾತೇ ಇಲ್ಲವಾದರೂ, ಹಕ್ಕಿಯ ಬದಲು ಬಟ್ಟೆಯ ಡಮ್ಮಿಯೊಂದನ್ನು ಇಟ್ಟುಕೊಂಡರೆ ಈ ಪಾಠವನ್ನು ಯಾವುದೇ ಬಯಲಿನಲ್ಲಿ ಕಲಿಸಬಹುದು.

ಈ ಪದ್ಧತಿಯ ತಿರುಳಿರುವುದು ತರುವುದರಲ್ಲಲ್ಲ, ಕಾಯುವುದರಲ್ಲಿ. ದಿನಕ್ಕೆ ಐವತ್ತು ಸಲ ಚೆಂಡು ಎಸೆಸಿಕೊಂಡು ಓಡಿದ ಮರಿ, ಚಲಿಸುವುದೆಲ್ಲವೂ ತನ್ನದೇ ಎಂದು ಕಲಿಯುತ್ತದೆ; ಮುಂದೆ ಅದು ಬೆಕ್ಕು, ಅಳಿಲು, ಸ್ಕೂಟರುಗಳ ಹಿಂದೆ ಓಡಿದರೆ ತಪ್ಪು ನಾಯಿಯದಲ್ಲ.

ಬೇಕಾಗುವ ಸಾಮಾನು ಕಡಿಮೆ: ಒಂದು ಸೀಟಿ, ಹತ್ತು ಮೀಟರ್ ಉದ್ದದ ಹಗುರ ಹಗ್ಗ, ಎದೆಗೆ ಕಟ್ಟುವ ಪಟ್ಟಿ, ಎರಡು ಮೂರು ಕ್ಯಾನ್ವಾಸ್ ಡಮ್ಮಿ. ಬೆಳೆದ ನಾಯಿಗೆ ಸುಮಾರು ಅರ್ಧ ಕಿಲೋ ತೂಕದ ಡಮ್ಮಿ ಸರಿ. ಮರಿಗೆ ಹಳೆಯ ಕಾಲುಚೀಲಕ್ಕೆ ಬಟ್ಟೆ ತುಂಬಿ ಕಟ್ಟಿದರೂ ಸಾಕು. ಪಾಠ ಮುಗಿದೊಡನೆ ಡಮ್ಮಿಯನ್ನು ಎತ್ತಿಡಬೇಕು, ಅದು ಕಡಿಯುವ ಆಟಿಕೆಯಾಗಬಾರದು. ಬ್ರಿಟನ್ನಿನ ಆಕ್ಮೆ ಸೀಟಿಗಳ ಮೇಲೆ 210.5, 211.5 ಎಂಬಂಥ ಸಂಖ್ಯೆಗಳಿರುತ್ತವೆ. ಸಂಖ್ಯೆ ಒಂದೇ ಆದರೆ ಸ್ವರವೂ ಒಂದೇ, ಆದ್ದರಿಂದ ಸೀಟಿ ಕಳೆದುಹೋದರೂ ಕಲಿಕೆ ಕಳೆದುಹೋಗುವುದಿಲ್ಲ. ಮನೆಯವರಲ್ಲಿ ಯಾರು ಊದಿದರೂ ನಾಯಿಗೆ ಕೇಳಿಸುವುದು ಅದೇ ಧ್ವನಿ, ಮತ್ತು ನಮ್ಮ ಸಿಟ್ಟು ಸೀಟಿಯಲ್ಲಿ ಕೇಳಿಸುವುದಿಲ್ಲ.

ಮೊದಲು ಸೀಟಿಯ ಅರ್ಥವನ್ನು ಕಲಿಸಬೇಕು. ಊಟದ ತಟ್ಟೆ ಇಡುವಾಗಲೆಲ್ಲ ಮೂರು ನಾಲ್ಕು ಬಾರಿ ಚಿಕ್ಕದಾಗಿ ಊದಿದರೆ, ಕೆಲವೇ ದಿನಗಳಲ್ಲಿ ಆ ಸದ್ದಿಗೆ ಮರಿ ಪಕ್ಕದ ಕೋಣೆಯಿಂದ ಓಡಿಬರುತ್ತದೆ, ಇದು ‘ಬಾ’. ಕೂತಾಗ ಒಂದೇ ಬಾರಿ ನೀಳವಾಗಿ ಊದಿ ತುತ್ತು ಕೊಟ್ಟರೆ ಅದು ‘ನಿಲ್ಲು, ಕೂರು, ನನ್ನ ಕಡೆ ನೋಡು’ ಎಂಬ ಆಜ್ಞೆಯಾಗುತ್ತದೆ. ಬಂದ ನಾಯಿಯನ್ನು, ಎಷ್ಟೇ ತಡವಾಗಿ ಬಂದಿರಲಿ, ಎಂದೂ ಗದರಬಾರದು. 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ಭಾಗ ಬಿಟ್ಟುಹೋಗಿರುವುದನ್ನೂ, ಅಂಥವಕ್ಕೆ ಊಟದ ಆಸೆ ಹೆಚ್ಚಿರುವುದನ್ನೂ ಕಂಡುಕೊಂಡರು. ಪಾಠಕ್ಕೆ ಇದು ಅನುಕೂಲವೇ; ಆದರೆ ಬಹುಮಾನದ ತುತ್ತುಗಳನ್ನು ದಿನದ ಊಟದ ಅಳತೆಯಿಂದಲೇ ಕಳೆಯಬೇಕು.

ನಂತರದ್ದು ಕೂತು ಕಾಯುವ ಪಾಠ. ನಾಯಿಯನ್ನು ಕೂರಿಸಿ ಎರಡು ಹೆಜ್ಜೆ ಹಿಂದೆ ಸರಿಯಿರಿ, ತಿರುಗಿ ಅದರ ಬಳಿಗೇ ಹೋಗಿ ತುತ್ತು ಕೊಡಿ. ಆರಂಭದ ವಾರಗಳಲ್ಲಿ ಕಾಯುತ್ತಿರುವ ನಾಯಿಯನ್ನು ದೂರದಿಂದ ಕರೆಯಲೇಬಾರದು. ಕರೆದರೆ ಅದು ಕೂತಲ್ಲಿಂದಲೇ ಕರೆಯನ್ನು ಎದುರುನೋಡುತ್ತಾ ಮೆಲ್ಲಗೆ ಮುಂದೆ ತೆವಳತೊಡಗುತ್ತದೆ. ದೂರ ಹೆಚ್ಚಿಸುವ ದಿನ ಹೊತ್ತು ಹೆಚ್ಚಿಸಬೇಡಿ. ಕಾಯುವಿಕೆ ಗಟ್ಟಿಯಾದ ಮೇಲೆ ನಾಯಿಯ ಕಣ್ಣೆದುರೇ ಡಮ್ಮಿ ಎಸೆದು, ನೀವೇ ನಡೆದುಹೋಗಿ ಎತ್ತಿಕೊಂಡು ಬನ್ನಿ. ಎಸೆದ ಹತ್ತರಲ್ಲಿ ಆರೇಳನ್ನು ನೀವೇ ತಂದರೆ, ಬಿದ್ದದ್ದೆಲ್ಲ ತನಗಲ್ಲ ಎಂಬುದು ಅದಕ್ಕೆ ತಿಳಿಯುತ್ತದೆ. ಹೆಚ್ಚಿನವರು ಬೇಸರಪಟ್ಟು ಹಾರಿಸಿಬಿಡುವ ಹಂತ ಇದೇ, ನನ್ನ ದೃಷ್ಟಿಯಲ್ಲಿ ಇಡೀ ತರಬೇತಿಯ ಜೀವಾಳವೂ ಇದೇ.

ತರುವುದನ್ನು ಕಲಿಸಲು ಮನೆಯೊಳಗಿನ ಇಕ್ಕಟ್ಟಾದ ಓಣಿ ಒಳ್ಳೆಯ ಜಾಗ. ಬಾಗಿಲುಗಳನ್ನು ಮುಚ್ಚಿ, ಡಮ್ಮಿಯನ್ನು ನಾಲ್ಕಡಿ ದೂರ ಎಸೆದು, ಮರಿ ಎತ್ತಿಕೊಂಡ ಕೂಡಲೇ ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಸರಿಯುತ್ತಾ ಕರೆಯಿರಿ. ಬಂದದ್ದೇ ಬಾಯಿಂದ ಕಸಿಯಬೇಡಿ. ಹಿಡಿದುಕೊಂಡಿರುವಾಗಲೇ ಎದೆ ಸವರಿ ಹೊಗಳಿ, ಆಮೇಲೆ ‘ಕೊಡು’ ಎಂದು ತುತ್ತು ತೋರಿಸಿ. ನಮ್ಮ ಮನೆಯ ಮರಿ ಮೊದಲ ಸಲ ಚಪ್ಪಲಿ ಕಚ್ಚಿ ತಂದಾಗ ನಾನು ಗದರಿ ಕಿತ್ತುಕೊಂಡಿದ್ದೆ. ಮರುದಿನದಿಂದ ಅದು ಸಿಕ್ಕಿದ್ದನ್ನೆಲ್ಲ ಮಂಚದ ಕೆಳಗೆ ಒಯ್ಯಲು ಕಲಿತಿತು, ಅದನ್ನು ಮರೆಸಲು ಎರಡು ತಿಂಗಳು ಹಿಡಿಯಿತು. ಚಪ್ಪಲಿಯಾಗಲಿ, ಟವೆಲ್ಲಾಗಲಿ, ತಂದದ್ದಕ್ಕೆ ಮೆಚ್ಚುಗೆ ಸಿಗಬೇಕು. ಒಂದು ಹೊತ್ತಿಗೆ ಎರಡು ಮೂರು ಸಲ ತಂದರೆ ಸಾಕು, ಆಸೆ ಇನ್ನೂ ಉಳಿದಿರುವಾಗಲೇ ನಿಲ್ಲಿಸಬೇಕು. ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗ ಬಾಯಿ ನೋಯುವುದರಿಂದ ಈ ಪಾಠಕ್ಕೆ ಬಿಡುವು ಕೊಡಿ.

ಬಯಲಿಗೆ ಹೋದ ಮೇಲೆ ನೆನಪಿನ ಪಾಠ. ನಾಯಿಗೆ ಕಾಣುವಂತೆ ಮರದ ಬುಡದಲ್ಲಿ ಡಮ್ಮಿ ಇಟ್ಟು, ಅದನ್ನು ಜೊತೆಗೆ ಕರೆದುಕೊಂಡು ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ. ತಿರುಗಿ ಕೂರಿಸಿ, ಅದರ ತಲೆಯ ಪಕ್ಕದಲ್ಲಿ ಕೈಯನ್ನು ನೇರವಾಗಿ ಚಾಚಿ ಕಳುಹಿಸಿ. ವಾರ ಕಳೆದಂತೆ ಹೆಜ್ಜೆಗಳು ನೂರಾಗಲಿ. ಎತ್ತರದ ಹುಲ್ಲಿನಲ್ಲಿ ಟೆನಿಸ್ ಚೆಂಡು ಬಚ್ಚಿಟ್ಟು, ಗಾಳಿಗೆ ಎದುರಾಗಿ ನಾಯಿಯನ್ನು ಬಿಟ್ಟರೆ ಮೂಗಿಗೂ ಕೆಲಸ ಸಿಗುತ್ತದೆ. ಹುಲ್ಲಿನಲ್ಲಿ ಹಾವಿಲ್ಲವೆಂದು ಮೊದಲು ನೀವೇ ಕೋಲು ತಟ್ಟಿ ನೋಡಿ, ಮನೆಗೆ ಬಂದೊಡನೆ ಕಿವಿ ಮತ್ತು ಬೆರಳ ಸಂದಿಯಲ್ಲಿ ಉಣ್ಣೆಹುಳು ಹುಡುಕಿ. ಸ್ಕಾಟ್ಲೆಂಡಿನ ಚಳಿಗೆ ಬೆಳೆದ ಈ ತುಪ್ಪಳಕ್ಕೆ ನಮ್ಮ ಬಿಸಿಲು ಹೊಂದುವುದಿಲ್ಲ. ನಾಯಿ ಮುಖ್ಯವಾಗಿ ಏದುಸಿರಿನಿಂದಲೇ ಮೈ ತಣಿಸಿಕೊಳ್ಳುವುದರಿಂದ, ಬೇಸಿಗೆಯಲ್ಲಿ ಬೆಳಗಿನ ಏಳರೊಳಗೆ ಪಾಠ ಮುಗಿಯಬೇಕು.

ಕೊನೆಯದು ಕೈಸನ್ನೆ. ನಾಯಿಯನ್ನು ನಿಮ್ಮ ಎದುರಿಗೆ ಕೂರಿಸಿ ಎಡಕ್ಕೊಂದು, ಬಲಕ್ಕೊಂದು ಡಮ್ಮಿ ಎಸೆದು, ಕೊನೆಗೆ ಬಿದ್ದುದರ ಕಡೆಗಲ್ಲದೆ ಮೊದಲು ಬಿದ್ದುದರ ಕಡೆಗೆ ಕೈ ತೋರಿಸಿ ಕಳುಹಿಸಿ. ತಪ್ಪಿದರೆ ನೀಳ ಸೀಟಿ, ಕೂತ ಮೇಲೆ ಮತ್ತೆ ಸನ್ನೆ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಇದೇ ತರಬೇತಿಯನ್ನು ‘ಡಾಗ್ ಬ್ರೇಕಿಂಗ್’ ಎಂದು ಕರೆದು ಚಾಟಿ ಬಳಸುತ್ತಿದ್ದರು. ಅದೇ ಬ್ರಿಟನ್ನಿನ ವೇಲ್ಸ್ 2010ರಲ್ಲಿ ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯನ್ನೂ ನಿಷೇಧಿಸಿತು. ನಾಯಿ ತಪ್ಪಿದಾಗ ಹೊಡೆಯುವ ಬದಲು ದೂರವನ್ನು ಅರ್ಧಕ್ಕೆ ಇಳಿಸಿ ಹಿಂದಿನ ಪಾಠಕ್ಕೆ ಮರಳಿ. ಓಡುತ್ತಿರುವಾಗಲೇ ಸೀಟಿ ಕೇಳಿ ಕೂತು ನಿಮ್ಮ ಕಡೆ ತಿರುಗುವುದು ಬೇರೆ ಬೇರೆ ಜಾಗಗಳಲ್ಲಿ, ಬೇರೆ ನಾಯಿಗಳ ಎದುರಿನಲ್ಲಿಯೂ ಖಚಿತವಾಗುವ ತನಕ, ಎದೆಪಟ್ಟಿಗೆ ಕಟ್ಟಿದ ಆ ಹತ್ತು ಮೀಟರ್ ಹಗ್ಗವನ್ನು ಬಿಚ್ಚಬೇಡಿ.