ಹಗಲಿನ ಕಚೇರಿ, ಸಂಜೆಯ ಕಚೇರಿ

ದುಡಿಯುವ ಜಾಗಕ್ಕೂ ಹಾಡು ಕೇಳುವ ಜಾಗಕ್ಕೂ ಕನ್ನಡದಲ್ಲಿ ಒಂದೇ ಹೆಸರು: ಕಚೇರಿ. ಬಹಳ ವರ್ಷ ನನಗೆ ಮೊದಲನೆಯದು ಮಾತ್ರ ಗೊತ್ತಿತ್ತು. ಹಗಲೆಲ್ಲ ಲೆಕ್ಕದ ಹಾಳೆಗಳು, ರಾತ್ರಿ ಕಿವಿಗೆ ಇಯರ್‌ಫೋನ್. ಸಂಗೀತವೆಂದರೆ ಇಷ್ಟವಿತ್ತು, ಆದರೆ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಅದು ತನ್ನ ಪಾಡಿಗೆ ಹರಿದುಹೋಗುತ್ತಿತ್ತು. ಚಿಕ್ಕಂದಿನಿಂದ ಇದ್ದ ಚಿತ್ರ ಬಿಡಿಸುವ ಹವ್ಯಾಸವೂ ಅಷ್ಟರಲ್ಲಿ ನಿಂತುಹೋಗಿತ್ತು. ಅದನ್ನು ನನಗೆ ಮರಳಿ ಕೊಟ್ಟದ್ದು ಸಂಜೆಯ ಕಚೇರಿ.

ಶುರುವಿನಲ್ಲಿ ನಾನು ಪ್ರತಿ ಕಚೇರಿಯನ್ನೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆ. ಎರಡು ವರ್ಷದಲ್ಲಿ ಅರುವತ್ತಕ್ಕೂ ಹೆಚ್ಚು ಧ್ವನಿಮುದ್ರಣಗಳು ಸೇರಿದವು. ಒಂದು ಭಾನುವಾರ ಕೂತು ಕೇಳಿದರೆ, ಕೈಗೆ ಸಿಕ್ಕಿದ್ದು ನಾನು ಕೇಳಿದ ಸಂಗೀತವಾಗಿರಲಿಲ್ಲ. ಮೊಬೈಲು ಸಣ್ಣ ದನಿಯನ್ನು ತಾನೇ ಏರಿಸುತ್ತದೆ, ದೊಡ್ಡ ದನಿಯನ್ನು ತಾನೇ ಇಳಿಸುತ್ತದೆ. ಉಸಿರು ಬಿಗಿಹಿಡಿದು ಕೇಳಿದ್ದ ಆಲಾಪನೆಯೂ, ತಾಳವಾದ್ಯಗಳಷ್ಟೇ ನುಡಿಯುವ, ಎದೆಗೆ ಬಡಿದಿದ್ದ ತನಿ ಆವರ್ತನವೂ ಅಲ್ಲಿ ಒಂದೇ ಎತ್ತರದಲ್ಲಿ ಮಲಗಿದ್ದವು. ಆಲಾಪನೆ ಯಾಕೆ ಅಷ್ಟು ಮುಟ್ಟಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಹೇಗೂ ಮುದ್ರಣವಿದೆಯಲ್ಲ ಎಂಬ ಧೈರ್ಯದಲ್ಲಿ ನಾನು ಅಲ್ಲಿ ಕಿವಿಗೊಟ್ಟು ಕೂತಿರಲೇ ಇಲ್ಲ. ಎಲ್ಲವನ್ನೂ ಅಳಿಸಿದೆ. ಮುಂದಿನ ಕಚೇರಿಗೆ ಮೊಬೈಲನ್ನು ಚೀಲದ ತಳಕ್ಕೆ ಹಾಕಿಕೊಂಡು ಹೋದೆ.

ಬರೆಯುವ ಅಭ್ಯಾಸ ಹುಟ್ಟಿದ್ದು ಆಗ. ಕಚೇರಿ ನಡೆಯುವಾಗ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಬರೆಯಲು ತಲೆ ತಗ್ಗಿಸಿದ ಗಳಿಗೆಯಲ್ಲೇ ಏನೋ ಒಂದು ಆಗಿಹೋಗಿರುತ್ತದೆ. ಮನೆಗೆ ಬಂದು, ಮಲಗುವ ಮುಂಚೆ, ಹತ್ತು ಸಾಲು. ಅದ್ಭುತ, ಸೊಗಸು, ಮಧುರ ಎಂಬ ಮಾತುಗಳಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಏನಾಯಿತು ಎಂಬುದಷ್ಟೇ ಬರಬೇಕು: ಯಾರು ಯಾರ ಕಡೆ ನೋಡಿದರು, ಎಲ್ಲಿ ಕಾಲ ನಿಧಾನವಾದಂತೆ ಅನಿಸಿತು, ಯಾವ ಸ್ವರದ ಮೇಲೆ ಗಾಯಕಿ ಎಷ್ಟು ಹೊತ್ತು ನಿಂತರು. ಮೊದಮೊದಲು ಮೂರನೇ ಸಾಲಿಗೇ ಬತ್ತಿಹೋಗುತ್ತಿದ್ದೆ. ಆರು ತಿಂಗಳಾದ ಮೇಲೆ ಹತ್ತು ಸಾಲು ಸಾಲದಾಯಿತು. ಆದರೂ ಹತ್ತಕ್ಕೇ ನಿಲ್ಲಿಸುತ್ತೇನೆ. ಯಾವುದನ್ನು ಬಿಡಬೇಕೆಂದು ಯೋಚಿಸುವಾಗಲೇ ಮನಸ್ಸು ಆ ಸಂಜೆಯನ್ನು ಇನ್ನೊಮ್ಮೆ ಕೇಳುತ್ತದೆ.

ಆ ಪುಸ್ತಕದಲ್ಲಿ ಒಂದು ಪುಟ ಉಳಿದೆಲ್ಲಕ್ಕಿಂತ ಮುಖ್ಯ. ಗಾಯಕಿ ಕಲ್ಪನಾಸ್ವರಕ್ಕೆ, ಅಂದರೆ ಆ ಗಳಿಗೆಯಲ್ಲೇ ಸ್ವರ ಹೆಣೆದು ಹಾಡುವುದಕ್ಕೆ, ಇಳಿದಿದ್ದರು. ಪಕ್ಕದಲ್ಲಿದ್ದ ಪಿಟೀಲು ವಾದಕಿಯ ತೆಳ್ಳನೆಯ ತಂತಿ ಟಪ್ಪೆಂದು ಕಡಿಯಿತು. ಕಮಾನು ಗಾಳಿಯಲ್ಲಿ ನಿಂತಿತು. ಆಕೆ ಮುಖ ಎತ್ತಲಿಲ್ಲ. ಪೆಟ್ಟಿಗೆಯಿಂದ ಸುರುಳಿ ಸುತ್ತಿದ ಹೊಸ ತಂತಿ ತೆಗೆದು, ಒಂದು ತುದಿಯನ್ನು ಸಿಕ್ಕಿಸಿ, ತಂತಿಗಳನ್ನು ಹೊರುವ ಕುದುರೆಯೆಂಬ ಮರದ ತುಂಡಿನ ಮೇಲೆ ಹಾಯಿಸಿ, ಪಾದದ ಬಳಿಯಿದ್ದ, ತಂತಿ ಬಿಗಿಯುವ ಬಿರಡೆಗೆ ಸುತ್ತತೊಡಗಿದರು. ಒಂದು ಕೈ ಬಿರಡೆಯನ್ನು ಒತ್ತಿ ತಿರುಗಿಸುತ್ತಿತ್ತು, ಇನ್ನೊಂದು ಕೈಯ ಹೆಬ್ಬೆರಳು ತಂತಿಯನ್ನು ಮೆಲ್ಲಗೆ ಮೀಟುತ್ತಿತ್ತು. ಕಿವಿಯನ್ನು ಪಿಟೀಲಿಗೆ ಅಂಟಿಸಿಯೇಬಿಟ್ಟಿದ್ದರು. ಮೃದಂಗದವರು ತಾವಾಗಿಯೇ ನಾದ ತಗ್ಗಿಸಿದರು, ಆಕೆಗೆ ತನ್ನ ಶ್ರುತಿ ಕೇಳಲೆಂದು. ಗಾಯಕಿ ಹಿಂದಿರುಗಿ ನೋಡದೆ ತಾಳದ ಇನ್ನೆರಡು ಸುತ್ತು ಹೆಚ್ಚು ಹಾಡಿದರು. ಆಮೇಲೆ ಎತ್ತುಗಡೆಗೆ, ಅಂದರೆ ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ಸೇರುವ ಹೊತ್ತಿಗೆ ಸರಿಯಾಗಿ, ಗಾಯಕಿ ಬಿಟ್ಟ ಸ್ವರದಿಂದಲೇ ಪಿಟೀಲು ಎದ್ದಿತು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಹೊಸ ತಂತಿ, ಇಳಿಯುತ್ತಲೇ ಇರುತ್ತದೆ, ನೋಡುತ್ತಿರಿ" ಎಂದರು. ನಿಜ. ಹೊಸ ತಂತಿ ಎಳೆತಕ್ಕೆ ಒಗ್ಗುವವರೆಗೆ ಹಿಗ್ಗುತ್ತಾ ಹೋಗುತ್ತದೆ, ಶ್ರುತಿ ಕೆಳಗೆ ಜಾರುತ್ತದೆ. ಮುಂದಿನ ಎರಡು ಕೃತಿಗಳುದ್ದಕ್ಕೂ ಆಕೆ ಸಿಕ್ಕ ಬಿಡುವಿನಲ್ಲೆಲ್ಲ ತಂತಿಯನ್ನು ಒಂದು ಕೂದಲೆಳೆಯಷ್ಟು ಏರಿಸುತ್ತಲೇ ಇದ್ದರು. ಹಾಡು ಒಮ್ಮೆಯೂ ನಿಲ್ಲಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ, ಮೊದಲಿನಿಂದ ಶುರುಮಾಡಲಿಲ್ಲ.

ಆ ರಾತ್ರಿ ಹತ್ತು ಸಾಲು ಬರೆದಾದ ಮೇಲೆ, ವರ್ಷಗಳ ನಂತರ ಮೊದಲ ಬಾರಿಗೆ, ಬಿರಡೆ ಹಿಡಿದ ಆ ಕೈಯನ್ನು ಬಿಡಿಸಲು ಕೂತೆ. ಪೆನ್ಸಿಲ್ ಹುಡುಕಿದೆ, ಸಿಗಲಿಲ್ಲ. ಇದ್ದದ್ದು ಬರೆಯುವ ಪೆನ್ನು. ಚಿತ್ರ ನಿಂತುಹೋಗಿದ್ದಕ್ಕೆ ಕಾರಣ ಆಗ ಹೊಳೆಯಿತು: ನಾನು ಬಿಡಿಸುತ್ತಿದ್ದುದಕ್ಕಿಂತ ಅಳಿಸುತ್ತಿದ್ದುದೇ ಹೆಚ್ಚು. ಒಂದು ಗೆರೆ ಹತ್ತು ಸಲ ಅಳಿಸಿ, ಕಾಗದ ಸವೆದು, ಬೇಸರ ಹುಟ್ಟಿ, ಹಾಳೆ ಹರಿಯುತ್ತಿತ್ತು. ಪೆನ್ನಿನಲ್ಲಿ ತಪ್ಪಿದ ಗೆರೆ ತಪ್ಪಿದಲ್ಲೇ ಇರುತ್ತದೆ, ಮುಂದಿನ ಗೆರೆ ಅದನ್ನು ಕೂಡಿಸಿಕೊಂಡೇ ಹೋಗಬೇಕು. ಅಂದಿನಿಂದ ರಬ್ಬರು ಮುಟ್ಟಿಲ್ಲ. ಈಗ ವಾರಕ್ಕೆ ನಾಲ್ಕೈದು ಚಿತ್ರಗಳಾಗುತ್ತವೆ: ಒಗೆದು ಹರವಿದ ಬಟ್ಟೆ, ಮಗ್ಗುಲಾಗಿ ಬಿದ್ದ ಚಪ್ಪಲಿ, ಕಿಟಕಿಯ ಚಿಲಕ. ಪುಸ್ತಕಗಳನ್ನೂ ನಾನೇ ಹೊಲಿದುಕೊಳ್ಳುತ್ತೇನೆ. ದಾರ ಸಡಿಲವಾದರೆ ಹಾಳೆ ಜೋಲುತ್ತದೆ, ಬಿಗಿಯಾದರೆ ಹರಿಯುತ್ತದೆ. ಅದಕ್ಕೂ ಒಂದು ಶ್ರುತಿಯಿದೆ.

ಮತ್ತೆ ಮತ್ತೆ ತಿದ್ದುವುದರಲ್ಲೇ ಕಲೆಯಿದೆ ಎಂದು ನಂಬಿದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ, ಇನ್ನೂ 31ರ ಹರೆಯದಲ್ಲಿ, ಸಭೆಯ ಮುಂದೆ ನುಡಿಸುವುದನ್ನೇ ಬಿಟ್ಟು ಸ್ಟುಡಿಯೋ ಸೇರಿದರು. ಅವರ ಧ್ವನಿಮುದ್ರಣಗಳು ನನಗೆ ಪ್ರಾಣ. ಆದರೆ ಅವು ಬೇರೆಯೇ ಕಲೆ. ನನಗೆ ಬೇಕಾಗಿದ್ದ ಪಾಠ ಅಲ್ಲಿರಲಿಲ್ಲ.

ಎಲ್ಲಿ ಕೂರಬೇಕೆಂಬುದನ್ನೂ ನಿಧಾನಕ್ಕೆ ಕಲಿತೆ. ತೀರಾ ಮುಂದೆ ಕೂತರೆ ಧ್ವನಿವರ್ಧಕದ ಸದ್ದು ಪಕ್ಕಕ್ಕೆ ಹಾದುಹೋಗುತ್ತದೆ, ವಾದ್ಯಗಳ ನೇರ ನಾದ ಸಿಗುತ್ತದೆ. ಬೆರಳು ತಂತಿಗೆ ಉಜ್ಜುವುದೂ ಕೇಳುತ್ತದೆ, ಆದರೆ ಹಾಡುವವರ ಸಾಹಿತ್ಯ ಮಸುಕು. ತೀರಾ ಹಿಂದಾದರೆ ಕಣ್ಣು ಕಿವಿಗಳ ಜೋಡಿ ತಪ್ಪುತ್ತದೆ. ನಾದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ 34 ಮೀಟರ್ ದೂರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಬಯಲಿನಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ ಕೈ ಡೋಲಿನ ಮೇಲೆ ಬಿದ್ದದ್ದು ಮೊದಲು ಕಂಡು, ಏಟು ಆಮೇಲೆ ಬಂತು. ಈಗ ನಡುವಿನ ಸಾಲುಗಳಲ್ಲೇ ಜಾಗ ಹುಡುಕುತ್ತೇನೆ.

ಬೇಗ ಹೋಗುವುದೂ ಒಂದು ಅಭ್ಯಾಸವಾಯಿತು. ಖಾಲಿ ಸಭಾಂಗಣದಲ್ಲಿ ಮೃದಂಗದ ಒಂದು ಏಟು ಗೋಡೆಯಿಂದ ಗೋಡೆಗೆ ಅಲೆದಾಡುತ್ತದೆ. ಜನ ತುಂಬಿದ ಮೇಲೆ ಅದೇ ಏಟು ಚೊಕ್ಕವಾಗಿ ನಿಲ್ಲುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಾಬಿನ್ ಎಂಬ ಯುವ ಅಧ್ಯಾಪಕರು ಇದನ್ನು 1895ರಿಂದ ಬೆನ್ನುಹತ್ತಿದ್ದರು. ಮಾತು ಕಲಸಿಹೋಗುತ್ತಿದ್ದ ಉಪನ್ಯಾಸ ಕೊಠಡಿಯೊಂದಕ್ಕೆ ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಆರ್ಗನ್ ಕೊಳವೆಯ ನಾದ ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಮೈಮೇಲಿನ ಬಟ್ಟೆಯೂ ನಾದ ಹೀರುತ್ತದೆಂದು ತಿಳಿದಾಗ, ಪ್ರಯೋಗಕ್ಕೆ ಒಂದೇ ಬಗೆಯ ಉಡುಪು ತೊಡತೊಡಗಿದರು. ಅವರ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ನಿನ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಇದನ್ನು ಓದಿದ ಮೇಲೆ ಕುರ್ಚಿಯಲ್ಲಿ ನಾನು ಸುಮ್ಮನೆ ಕೂತಿದ್ದೇನೆ ಎನಿಸುವುದಿಲ್ಲ. ಅಂದಿನ ನಾದದಲ್ಲಿ ನನ್ನ ಮೈಯದೂ ಒಂದು ಪಾಲಿದೆ.

ಕಿವಿಯ ವಿಷಯದಲ್ಲಿ ಮಾತ್ರ ನಾನು ಮಾಡಿದ ತಪ್ಪನ್ನು ಯಾರೂ ಮಾಡಬಾರದು. ಒಮ್ಮೆ ರಾಕ್ ಬ್ಯಾಂಡ್ ಒಂದರ ಮುಂದೆ, ಧ್ವನಿವರ್ಧಕದ ಬುಡದಲ್ಲೇ, ಎರಡು ಗಂಟೆ ನಿಂತೆ. ಮರುದಿನ ಮಧ್ಯಾಹ್ನದವರೆಗೂ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಆಮೇಲೆ ತಿಳಿದುಕೊಂಡೆ: ದುಡಿಯುವವರ ಸುರಕ್ಷತೆ, ಆರೋಗ್ಯಗಳನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಮೇಲೆ ಪ್ರತಿ 3 ಡೆಸಿಬೆಲ್‌ಗೂ ಆ ಅವಧಿ ಅರ್ಧವಾಗುತ್ತದೆ. ನೂರಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಈಗ ಚೀಲದಲ್ಲಿ ಸಂಗೀತಗಾರರು ಬಳಸುವಂಥ ಕಿವಿಬಿರಡೆಗಳು ಇರುತ್ತವೆ. ಸ್ಪಂಜಿನವು ಮೇಲಿನ ಸ್ವರಗಳನ್ನೇ ಹೆಚ್ಚು ನುಂಗುತ್ತವೆ; ಇವು ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ.

ಬಿರಡೆಯ ಆ ಚಿತ್ರ ಮೊದಲ ಪುಸ್ತಕದ ಹದಿನೇಳನೇ ಪುಟದಲ್ಲಿದೆ. ಕಿರುಬೆರಳು ಬೇಕಾದುದಕ್ಕಿಂತ ಉದ್ದವಾಗಿದೆ. ತಪ್ಪೆಂದು ಗೊತ್ತಾದದ್ದು ಗೆರೆ ಉಗುರಿನ ತನಕ ಹೋದ ಮೇಲೆ. ಹಾಗಾಗಿ ಬಿರಡೆಯನ್ನೇ ಸ್ವಲ್ಪ ದಪ್ಪಗೆ ಬಿಡಿಸಿ, ಬೆರಳು ಅದನ್ನು ಬಳಸಿ ಹಿಡಿಯುವಂತೆ ಮಾಡಿದ್ದೇನೆ.