ಕೀಪಾಸ್ ಅಪ್‌ಡೇಟ್‌ಗೆ ಕೊಟ್ಟ ಮೂರು ಭಾನುವಾರ

ನಮ್ಮ ಮನೆಯ ಪಾಸ್‌ವರ್ಡ್‌ಗಳೆಲ್ಲ ಎರಡು ಫೈಲಿನಲ್ಲಿವೆ. ದೊಡ್ಡದರಲ್ಲಿ ಬ್ಯಾಂಕು, ಇನ್‌ಕಮ್ ಟ್ಯಾಕ್ಸ್, ಅಪ್ಪನ ಪೆನ್ಷನ್, ಈಮೇಲ್ ಎಲ್ಲ ಸೇರಿ ಇನ್ನೂರಕ್ಕೂ ಜಾಸ್ತಿ ಇವೆ. ಚಿಕ್ಕದರಲ್ಲಿ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್, ಮಗಳ ಸ್ಕೂಲಿನ ಲಾಗಿನ್ ಇಂಥವು. ಚಿಕ್ಕದನ್ನು ಹೆಂಡತಿಯೂ ಕ್ಲೌಡ್ ಮೂಲಕ ತನ್ನ ಫೋನಿನಲ್ಲಿ ತೆರೆಯುತ್ತಾಳೆ. ಎರಡೂ ಕೀಪಾಸ್ ಫೈಲುಗಳು. ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ಬೀಗ ಹಾಕಿ ಇಡುವ ತಂತ್ರಾಂಶ ಅದು. 2015ರಲ್ಲಿ ಮನೆಯ ಕಂಪ್ಯೂಟರಿಗೆ ಕೀಪಾಸ್ 2.30 ಹಾಕಿಕೊಂಡವನು ಎಂಟು ವರ್ಷ ಅದನ್ನು ಅಪ್‌ಡೇಟ್ ಮಾಡಿರಲಿಲ್ಲ. ಸೋಮಾರಿತನವಲ್ಲ, ಭಯ. ಹೊಸದು ಹಾಕಿದ ಮೇಲೆ ಫೈಲ್ ತೆರೆಯದೇ ಹೋದರೆ ಏನು ಮಾಡುವುದು? ಕೀಪಾಸ್‌ನಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಅನ್ನುವ ಬಟನ್ ಇಲ್ಲ. ಸಹಾಯಕ್ಕೆ ಫೋನ್ ಮಾಡಲು ಕಂಪನಿಯೂ ಇಲ್ಲ.

2023ರ ಮೇ ತಿಂಗಳಲ್ಲಿ ಸಿವಿಇ-2023-32784 ಅನ್ನುವ ಗುರುತಿನ ಸಂಖ್ಯೆಯ ಭದ್ರತಾ ದೋಷದ ಸುದ್ದಿ ಓದಿದೆ. ಕೀಪಾಸ್ 2ರಲ್ಲಿ ಮಾಸ್ಟರ್ ಪಾಸ್‌ವರ್ಡ್, ಅಂದರೆ ಇಡೀ ಫೈಲನ್ನು ತೆರೆಯುವ ಪಾಸ್‌ವರ್ಡ್, ಟೈಪ್ ಮಾಡುವಾಗ ಒಂದೊಂದು ಅಕ್ಷರದ ಕುರುಹೂ ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದುಬಿಡುತ್ತಿತ್ತು. ಆ ಮೆಮೊರಿಯ ಪ್ರತಿ ಯಾರ ಕೈಗಾದರೂ ಸಿಕ್ಕಿದರೆ, ಮೊದಲ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಓದಬಹುದಿತ್ತು. ಇಂಟರ್ನೆಟ್ ಮೂಲಕ ಸುಮ್ನೆ ಯಾರೋ ಮಾಡುವ ಕೆಲಸವಲ್ಲ, ಅವರು ನಮ್ಮ ಕಂಪ್ಯೂಟರಿನ ಒಳಗೆ ಬಂದಿರಬೇಕು. ಆದರೂ ನನಗೆ ನಿದ್ದೆ ಬರಲಿಲ್ಲ. ಜೂನ್ ತಿಂಗಳಲ್ಲಿ ಅದನ್ನು ಸರಿಪಡಿಸಿದ 2.54 ಬಂತು. ಇನ್ನು ಮುಂದೂಡಬಾರದು ಅಂತ ತೀರ್ಮಾನಿಸಿದೆ. ಆದರೆ ಎಲ್ಲವನ್ನೂ ಒಂದೇ ದಿನ ಮಾಡುವುದಿಲ್ಲ ಅಂತಲೂ ತೀರ್ಮಾನಿಸಿದೆ. ಏನಾದರೂ ಕೆಟ್ಟರೆ, ಯಾವುದರಿಂದ ಕೆಟ್ಟಿತು ಅನ್ನುವುದು ಗೊತ್ತಾಗಬೇಕಲ್ವಾ?

ಮೊದಲ ಭಾನುವಾರ ಬರೀ ಬ್ಯಾಕಪ್. ಕೀಪಾಸನ್ನು ಪೂರ್ತಿ ಮುಚ್ಚಿದೆ. ಗಡಿಯಾರದ ಪಕ್ಕ ಅದರ ಚಿಕ್ಕ ಚಿತ್ರ ಉಳಿದಿದ್ದರೆ ಅದು ಇನ್ನೂ ನಡೆಯುತ್ತಿದೆ ಅಂತ ಅರ್ಥ. ಎರಡೂ ಫೈಲುಗಳ ಹೆಸರಿಗೆ ಅವತ್ತಿನ ದಿನಾಂಕ ಸೇರಿಸಿ ಎರಡು ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಇಷ್ಟಕ್ಕೇ ಎದ್ದುಬಿಡುತ್ತಿದ್ದೆ. ಆದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡೋಣ ಅನ್ನಿಸಿತು. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ, ಇನ್‌ಸ್ಟಾಲ್ ಮಾಡದೆ ಬಳಸಬಹುದಾದ ಪೋರ್ಟಬಲ್ ಕೀಪಾಸ್ ಇಟ್ಟುಕೊಂಡು ಪ್ರಯತ್ನಿಸಿದೆ. ಚಿಕ್ಕ ಫೈಲ್ ತೆರೆಯಿತು. ದೊಡ್ಡದು ತೆರೆಯಲಿಲ್ಲ. ಕೀ ತಪ್ಪಾಗಿದೆ ಅಂತ ಸಂದೇಶ ಬಂತು. ಪಾಸ್‌ವರ್ಡನ್ನು ನಾಲ್ಕು ಸಲ ಟೈಪ್ ಮಾಡಿದೆ. ಕೈ ತಣ್ಣಗಾಯಿತು.

ದೊಡ್ಡ ಫೈಲಿಗೆ ಪಾಸ್‌ವರ್ಡ್ ಜೊತೆ ಒಂದು ಕೀ ಫೈಲನ್ನೂ ಇಟ್ಟಿದ್ದೆ. ಅಂದರೆ ತೆರೆಯುವಾಗ ಪಾಸ್‌ವರ್ಡಿನ ಜೊತೆ ಆ ಫೈಲನ್ನೂ ತೋರಿಸಬೇಕು. ಕೀಪಾಸ್‌ನಲ್ಲಿ ಯಾವ ಫೈಲನ್ನಾದರೂ ಕೀ ಮಾಡಿಕೊಳ್ಳಬಹುದು. ನಾನು ಮಗಳ ನಾಮಕರಣದ ಒಂದು ಫೋಟೊ ಆರಿಸಿದ್ದೆ. ಅದೇ ಫೋಟೊ ಹೆಂಡತಿಯ ಲ್ಯಾಪ್‌ಟಾಪಿನಲ್ಲೂ ಇತ್ತು, ಅದನ್ನೇ ತೋರಿಸಿದ್ದೆ. ಅದು ಹಿಂದೊಮ್ಮೆ ಚಾಟ್ ಆಪ್‌ನಲ್ಲಿ ಕಳಿಸಿದ ಪ್ರತಿ. ಕಳಿಸುವಾಗ ಆಪ್ ಫೋಟೊವನ್ನು ಚಿಕ್ಕದು ಮಾಡುತ್ತದೆ. ಕಣ್ಣಿಗೆ ಅದೇ ಮಗು, ಅದೇ ತೊಟ್ಟಿಲು. ಕೀಪಾಸ್ ನೋಡುವುದು ಚಿತ್ರವನ್ನಲ್ಲ, ಫೈಲಿನ ಒಂದೊಂದು ಬೈಟನ್ನು. ಒಂದು ಬೈಟ್ ಬದಲಾದರೂ ಅದು ಬೇರೆ ಕೀ. ಫೋಟೊವನ್ನು ಸುಮ್ನೆ ತಿರುಗಿಸಿ ಸೇವ್ ಮಾಡಿದರೂ ಅಷ್ಟೇ. ಅಂದರೆ ಎಂಟು ವರ್ಷ ನನ್ನ ಕೀಯ ಸರಿಯಾದ ಪ್ರತಿ ಇದ್ದದ್ದು ಹಳೆಯ ಕಂಪ್ಯೂಟರಿನ ಒಂದೇ ಒಂದು ಡಿಸ್ಕಿನಲ್ಲಿ. ಆ ಡಿಸ್ಕ್ ಹೋಗಿದ್ದರೆ ಎಷ್ಟು ಬ್ಯಾಕಪ್ ಇದ್ದರೂ ಪ್ರಯೋಜನ ಇರುತ್ತಿರಲಿಲ್ಲ. ಇದನ್ನು ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ. ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುವ ತನಕ ಅದನ್ನು ಬ್ಯಾಕಪ್ ಅಂತ ನಂಬಬೇಡಿ. ಅವತ್ತೇ ಮೂಲ ಫೋಟೊವನ್ನು ಮೂರನೆಯ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಲ್ಯಾಪ್‌ಟಾಪಿನಲ್ಲಿ ತೆರೆದೆ. ಈ ಸಲ ತೆರೆಯಿತು. ಫೈಲ್ ಇರುವ ಪೆನ್‌ಡ್ರೈವಿನಲ್ಲೇ ಕೀ ಇಡಲಿಲ್ಲ. ಎರಡೂ ಒಟ್ಟಿಗೆ ಕಳೆದುಹೋದರೆ ಸಿಕ್ಕಿದವರ ಕೈಯಲ್ಲಿ ಎರಡೂ ಇರುತ್ತವೆ.

ಎರಡನೆಯ ಭಾನುವಾರ ತಂತ್ರಾಂಶ. ಡೌನ್‌ಲೋಡಿಗೆ ಸರ್ಚ್ ಮಾಡಲಿಲ್ಲ, ಕೀಪಾಸ್ ಡಾಟ್ ಇನ್ಫೊ ಅಂತ ವಿಳಾಸವನ್ನು ನಾನೇ ಟೈಪ್ ಮಾಡಿದೆ. ಇದು ಅತಿಯಾದ ಎಚ್ಚರಿಕೆ ಅನ್ನಿಸಬಹುದು. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಚ್ ಜಾಹೀರಾತಿನಲ್ಲಿ ಕೀಪಾಸ್ ಹೆಸರಿನ ನಕಲಿ ತಾಣವೊಂದು ಕಾಣಿಸಿಕೊಂಡಿತು. ವಿಳಾಸದ ಮೊದಲ ಇಂಗ್ಲಿಷ್ ಅಕ್ಷರದ ಕೆಳಗೆ ಒಂದು ಸಣ್ಣ ಗುರುತು, ಅಷ್ಟೇ ವ್ಯತ್ಯಾಸ. ಪರದೆಯ ಮೇಲೆ ಕೂತ ಧೂಳು ಅಂದುಕೊಳ್ಳುವಷ್ಟು ಚಿಕ್ಕದು.

ಇಳಿಸಿದ ಫೈಲನ್ನು ತಕ್ಷಣ ಓಡಿಸಲಿಲ್ಲ. ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ನೋಡಿದೆ. ಕೀಪಾಸ್ ಬರೆದ ಡೊಮಿನಿಕ್ ರೈಖ್ಲ್ ಅವರ ಹೆಸರು ಅಲ್ಲಿತ್ತು. ಆಮೇಲೆ ವಿಂಡೋಸ್‌ನ ಸರ್ಟ್‌ಯುಟಿಲ್ ಆಜ್ಞೆಯಿಂದ ಫೈಲಿನ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು, ತಾಣದಲ್ಲಿ ಕೊಟ್ಟದ್ದರ ಜೊತೆ ಹೋಲಿಸಿದೆ. ಐದು ನಿಮಿಷದ ಕೆಲಸ. ಹಳೆಯದನ್ನು ತೆಗೆಯಬೇಕಿಲ್ಲ, ಅದರ ಮೇಲೇ ಹೊಸದು ಕೂತಿತು. ಸೆಟ್ಟಿಂಗ್‌ಗಳೂ ಹಾಗೇ ಉಳಿದವು. ಒಂದು ಹಳೆಯ ಪ್ಲಗಿನ್ ಮಾತ್ರ ಹೊಂದಲಿಲ್ಲ, ಕಿತ್ತು ಹಾಕಿದೆ. ಪಾಸ್‌ವರ್ಡ್ ಪೆಟ್ಟಿಗೆಯ ಒಳಗೆ ಬೇರೆಯವರ ತುಣುಕುಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಮರುದಿನ ಸಂಜೆ ಮಾಸ್ಟರ್ ಪಾಸ್‌ವರ್ಡ್ ಬದಲಿಸಿದೆ. ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ್ದರ ಕುರುಹು ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಡುವ ವಿಂಡೋಸ್‌ನ ಹೈಬರ್ನೇಷನ್ ಫೈಲಿನಲ್ಲೋ ಪೇಜ್ ಫೈಲಿನಲ್ಲೋ ಉಳಿದಿರಬಹುದಲ್ವಾ? ಹೈಬರ್ನೇಷನ್ ಆಫ್ ಮಾಡಿದೆ. ಫೋಟೊ ಕೀಗೂ ವಿದಾಯ ಹೇಳಿ, ಕೀಪಾಸ್‌ನಲ್ಲೇ ಹೊಸ ಕೀ ಫೈಲ್ ಮಾಡಿಕೊಂಡೆ. ಅದರಲ್ಲಿರುವುದು ಸಾಮಾನ್ಯ ಅಕ್ಷರ, ಅಂಕೆಗಳು. ಪ್ರಿಂಟ್ ತೆಗೆದು ಬೀರುವಿನ ಲಾಕರಿನಲ್ಲಿ ಇಟ್ಟಿದ್ದೇನೆ. ಹೆಂಡತಿಗೆ ಜಾಗ ತೋರಿಸಿದ್ದೇನೆ.

ಮೂರನೆಯ ಭಾನುವಾರ ಫೈಲಿನ ರಚನೆ. ತಂತ್ರಾಂಶ ಹೊಸದಾದ ಮಾತ್ರಕ್ಕೆ ಫೈಲ್ ಹೊಸದಾಗುವುದಿಲ್ಲ, ಇದು ನನಗೂ ಗೊತ್ತಿರಲಿಲ್ಲ. ನನ್ನ ಫೈಲ್ ಇನ್ನೂ ಹಳೆಯ ಕೆಡಿಬಿಎಕ್ಸ್ 3.1 ರೂಪದಲ್ಲಿತ್ತು. ಪಾಸ್‌ವರ್ಡನ್ನು ಕೀಯಾಗಿ ಮಾಡಲು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಸುತ್ತುಗಳು ಆಗಿನ ಕಾಲದ 6000 ಮಾತ್ರ. ಊಹಿಸಿ ಊಹಿಸಿ ತೆರೆಯಲು ನೋಡುವವರಿಗೆ ಇವತ್ತಿನ ಯಂತ್ರಗಳಲ್ಲಿ ಅದು ತುಂಬ ಕಡಿಮೆ. ಡೇಟಾಬೇಸ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ಆರ್ಗಾನ್2 ಆರಿಸಿದೆ. ಅದು 2015ರ ಪಾಸ್‌ವರ್ಡ್ ಹ್ಯಾಷಿಂಗ್ ಸ್ಪರ್ಧೆಯಲ್ಲಿ ಗೆದ್ದ ವಿಧಾನ. ಪ್ರತಿ ಊಹೆಗೂ ಮೆಮೊರಿ ಜಾಸ್ತಿ ಬೇಕಾಗುವ ಹಾಗೆ ಮಾಡುತ್ತದೆ. ಆರ್ಗಾನ್2 ಆರಿಸಿ ಸೇವ್ ಮಾಡಿದರೆ ಫೈಲ್ ಕೆಡಿಬಿಎಕ್ಸ್ 4 ಆಗುತ್ತದೆ.

ಎರಡೂ ಫೈಲನ್ನು ಒಟ್ಟಿಗೆ ಬದಲಿಸಿದ್ದು ತಪ್ಪಾಯಿತು. ಸೋಮವಾರ ಹನ್ನೊಂದು ಗಂಟೆಗೆ ಹೆಂಡತಿಯ ಫೋನ್ ಬಂತು. “ರೀ, ಸ್ಕೂಲ್ ಫೀಸ್ ಕಟ್ಬೇಕು, ಇವತ್ತೇ ಕೊನೆ ದಿನ. ಪಾಸ್‌ವರ್ಡ್ ಫೈಲ್ ತೆಗೀತಾನೇ ಇಲ್ಲ.” ಅವಳ ಫೋನಿನಲ್ಲಿದ್ದ ಆಪ್ ತುಂಬ ಹಳೆಯದು, ಕೆಡಿಬಿಎಕ್ಸ್ 4 ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಅವಳಿಗೆ ತೊಂದರೆ ಕೊಟ್ಟೆನಲ್ಲ ಅಂತ ಬೇಜಾರಾಯಿತು. ಬದಲಿಸುವ ಮುಂಚೆ ತೆಗೆದಿಟ್ಟ ಪ್ರತಿಯನ್ನು ಕ್ಲೌಡಿಗೆ ವಾಪಸ್ ಹಾಕಿದೆ. ಹತ್ತು ನಿಮಿಷದಲ್ಲಿ ತೆರೆಯಿತು, ಫೀಸ್ ಕಟ್ಟಿದಳು. ರಾತ್ರಿ ಇಬ್ಬರೂ ಕೂತು ಮೊದಲು ಫೋನಿಗೆ ಹೊಸ ಆಪ್ ಹಾಕಿ, ಹಳೆಯ ಫೈಲ್ ಅದರಲ್ಲಿ ತೆರೆಯುತ್ತದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ರಚನೆ ಬದಲಿಸಿದೆವು. ಆರ್ಗಾನ್2ಗೆ ಮೆಮೊರಿ 64 ಎಂಬಿ ಇಟ್ಟೆ. ಕಂಪ್ಯೂಟರಿಗೆ ಇನ್ನೂ ಜಾಸ್ತಿ ಕೊಡಬಹುದಿತ್ತು, ಆದರೆ ಫೋನ್ ಒದ್ದಾಡಬಾರದು.

ಹಳೆಯ ಬ್ಯಾಕಪ್‌ಗಳು ಹಳೆಯ ಪಾಸ್‌ವರ್ಡಿಗೇ ತೆರೆಯುತ್ತವೆ. ಹಾಗಾಗಿ ಅವನ್ನು ಯಾವತ್ತಿಗೂ ಇಟ್ಟುಕೊಳ್ಳುವ ಹಾಗಿಲ್ಲ. ಒಂದು ತಿಂಗಳು ಕಾದೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಹೊಸ ಫೈಲುಗಳ ಪ್ರತಿ ತೆಗೆದು, ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ತೆರೆದು ನೋಡಿ, ಆಮೇಲೆ ಹಳೆಯವನ್ನು ಅಳಿಸಿದೆ. ನಾಮಕರಣದ ಫೋಟೊ ಈಗ ಆಲ್ಬಮ್ಮಿನಲ್ಲಿದೆ.